ಮಜ್ಜಿಗೆ ಹುಲ್ಲಿನ ಸಾರು

ಆವುಲಪ್ಪನಿಗೆ ಬೆಂಗಳೂರಿನ ಥಾಯ್ ಹೋಟೆಲುಗಳು ಗೊತ್ತಿದ್ದದ್ದು ಬೆನ್ನಿನ ಕಡೆಯಿಂದ. ಯಾವ ಓಣಿಯಲ್ಲಿ ಟೆಂಪೋ ತಿರುಗುತ್ತದೆ, ಯಾವ ಕಬ್ಬಿಣದ ಗೇಟು ಒದ್ದರೆ ತೆರೆಯುತ್ತದೆ, ಎಲ್ಲಿ ಮೀನು ತೊಳೆದ ನೀರು ಹರಿದು ಕಾಲು ಜಾರುತ್ತದೆ, ಅಷ್ಟೂ ಬಾಯಿಪಾಠ. ಮುಂಬಾಗಿಲು ಹೇಗಿದೆ ಎಂದರೆ ತಿಳಿಯದು. ನಂದಿಯ ತನ್ನ ತೋಟದಲ್ಲಿ, ದ್ರಾಕ್ಷಿ ಚಪ್ಪರದ ಪಕ್ಕ, ಆರು ವರ್ಷದಿಂದ ಅವನು ಆ ಹೋಟೆಲುಗಳಿಗೆಂದೇ ನಿಂಬೆ ಘಮದ ಮಜ್ಜಿಗೆ ಹುಲ್ಲು, ಸೋಂಪಿನ ವಾಸನೆಯ ಒಂದು ಜಾತಿ ತುಳಸಿ, ಶುಂಠಿಯ ದಾಯಾದಿಯಂತಿರುವ ಒಂದು ಗೆಡ್ಡೆ ಬೆಳೆಯುತ್ತಿದ್ದ. ಊರಿಗೆ ಅದೊಂದು ತಮಾಷೆ.

"ದನ ಮೂಸ್ದೇ ಇರೋ ಹುಲ್ಲನ್ನ ಪಿಂಗಾಣಿ ಬಟ್ಲಲ್ಲಿ ತಿನ್ನೋರೂ ಅವ್ರೆ ಕಣಪ್ಪಾ!" ಎನ್ನುತ್ತಿದ್ದ ಪಕ್ಕದ ತೋಟದ ರಾಮಾಂಜಿನಪ್ಪ. ಆವುಲಪ್ಪನೂ ನಗುತ್ತಿದ್ದ. ತಾನು ಬೆಳೆದದ್ದನ್ನು ಅವನು ಒಂದು ದಿನವೂ ಬಾಯಿಗೆ ಹಾಕಿ ನೋಡಿರಲಿಲ್ಲ.

ಹಿಂದಿನ ವರ್ಷ ಅವನ ಹೆಂಡತಿ ಲಕ್ಷ್ಮೀನರಸಮ್ಮನ ದವಡೆಯಲ್ಲಿ ಕ್ಯಾನ್ಸರಿನ ಗಂಟು ಕಾಣಿಸಿತು. ಕೊಯ್ದು ತೆಗೆದರು. ಆಮೇಲೆ ಬೆಂಗಳೂರಿನ ಆಸ್ಪತ್ರೆಯಲ್ಲಿ ಮೂವತ್ತು ದಿನ ರೇಡಿಯೇಷನ್ನಿನ ಕರೆಂಟು ಕೊಟ್ಟರು. ಬಾಯಿಯ ಹುಣ್ಣು ಮಾಯಿತು, ಮಾತು ಬಂತು, ರುಚಿ ಮಾತ್ರ ಬರಲಿಲ್ಲ. ಉಪ್ಪಿಲ್ಲ, ಹುಳಿಯಿಲ್ಲ, ಕಡೆಗೆ ಒಗ್ಗರಣೆಯ ವಾಸನೆಯೂ ಇಲ್ಲ. "ಮಣ್ಣುಂಡೆ ನುಂಗ್ದಂಗಾಗ್ತದೆ" ಎಂದು ಮುದ್ದೆಯ ತಟ್ಟೆ ಸರಿಸುವಳು. ಗಂಜಿ ಕುಡಿಸಿದರೆ ಎರಡು ಗುಟುಕಿಗೆ ಸಾಕು. ಐವತ್ತೆಂಟು ಕೆಜಿ ಇದ್ದವಳು ಮೂವತ್ತೇಳಕ್ಕೆ ಇಳಿದಳು.

"ರುಚಿ ಬರೋದಿದ್ರೆ ಇಷ್ಟೊತ್ತಿಗೆ ಬರ್ಬೇಕಿತ್ತು," ಎಂದರು ಡಾಕ್ಟರಮ್ಮ. "ಏನು ಸೇರುತ್ತೋ ಅದನ್ನ ಕೊಡಿ. ಇನ್ನೂ ತೂಕ ಇಳಿದ್ರೆ ಮೂಗಿಂದ ನಳಿಕೆ ಹಾಕ್ಬೇಕು. ಅದಾದ್ರೂ ಎಷ್ಟು ದಿನ ಅಂತ..."

"ನಳಿಕೆ ಬೇಡ," ಎಂದಳು ಲಕ್ಷ್ಮೀನರಸಮ್ಮ, ಬಸ್ಸಿನಲ್ಲಿ. "ಸತ್ರೆ ಹಂಗೇ ಸಾಯ್ತೀನಿ."

ಅವಳ ಕೈಯಡುಗೆ ಸುತ್ತ ನಾಲ್ಕೂರಲ್ಲಿ ಹೆಸರಾಗಿತ್ತು. ಅವರೆಕಾಯಿ ಕಾಲದಲ್ಲಿ ಅವಳು ಮಾಡುವ ಹಿತಕಿದ ಬೇಳೆ ಸಾರಿಗೆ ಪೆರೇಸಂದ್ರದಿಂದ ಬೀಗರು ನೆಪ ಹುಡುಕಿಕೊಂಡು ಬರುತ್ತಿದ್ದರು. ಆದರೆ ಆವುಲಪ್ಪ ಮಾತ್ರ ಆ ಸಾರನ್ನು ಒಮ್ಮೆಯೂ ಚೆನ್ನಾಗಿದೆ ಎಂದವನಲ್ಲ. ಅವನ ತಾಯಿ ಅಕ್ಕಯ್ಯಮ್ಮ ಹಾಕಿಹೋದ ಕಟ್ಟಳೆ ಅದು. ಉಣ್ಣುವವನು ಹೊಗಳಿದರೆ ಅಡುಗೆ ಮಾಡುವ ಕೈಗೆ ದೃಷ್ಟಿಯಾಗುತ್ತದಂತೆ. ಬಡಿಸಿ ಎದುರಿಗೆ ಕೂತು ಅವಳು "ಹೆಂಗೈತೆ?" ಎಂದು ಕೇಳುವಳು. ಅವನು ತಟ್ಟೆಯಿಂದ ತಲೆಯೆತ್ತದೆ "ಹೂಂ, ನಡೀತದೆ" ಎನ್ನುವನು. ಮೂವತ್ತೊಂದು ವರ್ಷ ಹಾಗೇ ನಡೆದಿತ್ತು.

ಒಂದು ಹೋಟೆಲಿನ ಉಗ್ರಾಣ ನೋಡಿಕೊಳ್ಳುವವನು ಗೌರಿಬಿದನೂರು ಕಡೆಯ ಮಧುಕುಮಾರ್. ಸೊಪ್ಪು ತೂಗಿಸಿಕೊಳ್ಳುತ್ತ ಅವನು ಹಿಂದೆಂದೋ ಒಂದು ಮಾತು ಆಡಿದ್ದ. "ನಿನ್ನ ಹುಲ್ಲು ಹಾಕಿ ಒಂದು ಸಾರು ಮಾಡ್ತಾರಣ್ಣಾ, ಅದನ್ನ ಕುಡಿದ್ರೆ ಸತ್ತ ನಾಲ್ಗೇನೂ ಎದ್ದು ಕೂರ್ತದೆ." ವ್ಯಾಪಾರಸ್ಥರ ಮಾತು, ಬಾಯಿಗೆ ಬಂದದ್ದು. ಆವುಲಪ್ಪನಿಗೂ ಅದು ಗೊತ್ತು. ಆದರೆ ಮುಳುಗುವವನು ಹುಲ್ಲುಕಡ್ಡಿಯ ಬೆಲೆ ಕೇಳುತ್ತಾನೆಯೇ?

ಮುಂದಿನ ಬಾರಿ ಆಸ್ಪತ್ರೆಗೆ ತೋರಿಸಿದ ಮೇಲೆ ಅವಳನ್ನು ಟೆಂಪೋದಲ್ಲಿ ಅಲ್ಲಿಗೇ ಕರೆದುಕೊಂಡು ಹೋದ. ಅಭ್ಯಾಸಬಲ, ಗಾಡಿ ಹಿಂಬಾಗಿಲಿಗೇ ಹೋಗಿ ನಿಂತಿತು. ಕಸದ ಡಬ್ಬಗಳ ಮಧ್ಯೆ ಅವಳು ಇಳಿದು ಸೆರಗು ಸರಿಮಾಡಿಕೊಂಡಳು.

"ಇದಾ ಹೋಟ್ಲು?"

"ಇದರದೇ ಮುಂದುಗಡೆ."

ಮುಂದುಗಡೆ ಹುಡುಕಲು ಒಂದು ಇಡೀ ಸುತ್ತು ನಡೆಯಬೇಕಾಯಿತು. ಒಂದು ಸಾಲು ಗಾಜಿನ ಬಾಗಿಲುಗಳು, ಎಲ್ಲವೂ ಒಂದೇ ಥರ, ಹಲಗೆಗಳೆಲ್ಲ ಇಂಗ್ಲಿಷಿನಲ್ಲಿ. ಒಂದು ಕಡೆ ಬಟ್ಟೆ ಅಂಗಡಿಗೆ ನುಗ್ಗಿ ಬೈಸಿಕೊಂಡ. ಇನ್ನೊಂದು ಬಾಗಿಲಿನ ವಾಚ್‌ಮನ್ ಅವನ ಪಂಚೆ ನೋಡಿ, "ಸಪ್ಲೈ ಆದ್ರೆ ಹಿಂದ್ಗಡೆ" ಎಂದ. ಲಕ್ಷ್ಮೀನರಸಮ್ಮ ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ಆರು ವರ್ಸದಿಂದ ಬರ್ತೀಯ, ಬಾಗ್ಲು ಎಲ್ಲೈತೆ ಅಂತ ಗೊತ್ತಿಲ್ಲ. ಒಳ್ಳೆ ಗಿರಾಕಿ ನೀನು."

ಅವಳು ಹೀಗೆ ಛೇಡಿಸಿ ಎಷ್ಟೋ ತಿಂಗಳಾಗಿತ್ತು. ಆವುಲಪ್ಪನಿಗೆ ಆಸೆ ಇನ್ನೊಂದು ಗೇಣು ಬೆಳೆಯಿತು.

ಕೊನೆಗೆ ಫೋನು ಮಾಡಿದ ಮೇಲೆ ಮಧುಕುಮಾರನೇ ಬಂದು ಒಳಗೆ ಕರೆದುಕೊಂಡು ಹೋಗಿ ಮೂಲೆಯ ಮೇಜಿನಲ್ಲಿ ಕೂರಿಸಿದ. "ಅಕ್ಕಂಗೆ ಖಾರ ಬೇಡಾಂತ ಹೇಳಿದೀನಿ. ಹುಳಿ, ಉಪ್ಪು, ಸೊಪ್ಪು ಎಲ್ಲಾ ಡಬಲ್." ಬಿಳಿಯ ಬಟ್ಟಲಿನಲ್ಲಿ ಸಾರು ಬಂತು. ಮೇಲೆ ತೇಲುತ್ತಿದ್ದ ತುಳಸಿ ಎಲೆಗಳನ್ನು ಆವುಲಪ್ಪ ಗುರುತು ಹಿಡಿದ. ಮೊನ್ನೆ ತಾನೇ ಕೊಯ್ದದ್ದು.

ಅವಳು ಒಂದು ಚಮಚ ಕುಡಿದು ಕಣ್ಣು ಮುಚ್ಚಿದಳು.

"ಬಿಸಿ ಐತೆ."

"ಆರಲಿ ತಾಳು. ಇನ್ನೊಂದು ಚಮಚ ಕುಡಿ. ನಾಲ್ಗೆ ಮೇಲೆ ಇಟ್ಕೋ, ನುಂಗ್ಬೇಡ."

ಕುಡಿದಳು. ಬಾಯಲ್ಲೇ ಇಟ್ಟುಕೊಂಡಳು. ಅವನ ಮುಖ ನೋಡಿ ಇನ್ನೂ ಸ್ವಲ್ಪ ಹೊತ್ತು ಇಟ್ಟುಕೊಂಡಳು. ಅವನು ಬಟ್ಟಲಿನಿಂದ ಮಜ್ಜಿಗೆ ಹುಲ್ಲಿನ ತುಂಡೊಂದನ್ನು ತೆಗೆದು, ಬೆರಳಲ್ಲಿ ಜಜ್ಜಿ, ಅವಳ ಮೂಗಿನ ಕೆಳಗೆ ಹಿಡಿದ. ಪಕ್ಕದ ಮೇಜಿನವರು ತಿರುಗಿ ನೋಡಿದರು.

ಅವಳು ಮೆಲ್ಲಗೆ ಅವನ ಕೈ ಸರಿಸಿದಳು. "ಬಿಸಿನೀರು ಕಣಯ್ಯ," ಎಂದಳು. "ಬರೀ ಬಿಸಿನೀರು."

ಆಮೇಲೆ ಅವಳು ಬಟ್ಟಲನ್ನು ಅವನ ಕಡೆ ತಳ್ಳಿದಳು. "ನೀನು ಕುಡಿ. ಅನ್ನ ಚೆಲ್ಲಬಾರ್ದು. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು."

ಬೇಡವೆನ್ನಲು ಬಾಯಿ ತೆರೆದವನು, ಅವಳ ಮಾತು ಮೀರಲಾರದೆ ಚಮಚ ಎತ್ತಿದ. ಮೊದಲ ಗುಟುಕಿಗೇ ಒಳಗೇನೋ ಎಚ್ಚರವಾಯಿತು. ನಿಂಬೆಯಂತೆ ಹುಳಿ, ಆದರೆ ನಿಂಬೆಯಲ್ಲ. ಹಿಂದಿನಿಂದ ತೆಂಗಿನ ಹಾಲಿನ ಸಿಹಿ, ಗೆಡ್ಡೆಯ ಘಾಟು, ಕೊನೆಯಲ್ಲಿ ಸೋಂಪು. ಮಳೆ ಬಿದ್ದ ಬೆಳಿಗ್ಗೆ ತೋಟದಲ್ಲಿ ಹುಲ್ಲು ಕೊಯ್ಯುವಾಗಿನ ಗಾಳಿಯನ್ನೇ ಯಾರೋ ಕಾಯಿಸಿ ಬಸಿದು ಕೊಟ್ಟಂತಿತ್ತು. ಹಸಿದಿದ್ದ. ಎರಡನೆಯದು, ಮೂರನೆಯದು; ಚಮಚ ಬಿಟ್ಟು ಬಟ್ಟಲನ್ನೇ ಎತ್ತಿದ. ಖಾಲಿಯಾದ ಮೇಲೆಯೇ ತಾನೇನು ಮಾಡುತ್ತಿದ್ದೇನೆಂದು ಅವನಿಗೆ ಅರಿವಾದದ್ದು. ಎದುರಿಗೆ ಕೂತು ಅವಳು ನೋಡುತ್ತಿದ್ದಳು. ಮನೆಯಲ್ಲಿ ಬಡಿಸಿ ಕೂರುತ್ತಿದ್ದಳಲ್ಲ, ಹಾಗೆಯೇ, ಗಲ್ಲಕ್ಕೆ ಕೈಯಿಟ್ಟು.

"ಹೆಂಗೈತೆ?" ಎಂದು ಕೇಳಿದಳು.

"ನಡೀತದೆ" ಎನ್ನಬಹುದಿತ್ತು. ನಾಲಿಗೆಯ ತುದಿಗೇ ಬಂದಿತ್ತು. ಆದರೆ ಅವಳಿಗೆ ಇನ್ನು ಈ ಲೋಕದ ರುಚಿಯೆಲ್ಲ ಬೇರೆಯವರ ಬಾಯಿಂದ ಕೇಳಿದಷ್ಟೇ ಎಂದು ಹೊಳೆದು, ಸುಳ್ಳು ಬಾಯಲ್ಲೇ ಉಳಿಯಿತು.

"ಚೆನ್ನಾಗೈತೆ ಕಣೆ," ಎಂದ. "ಭಾಳ ಚೆನ್ನಾಗೈತೆ."

ಅವಳು ತಲೆಯಾಡಿಸಿದಳು. ಮೂವತ್ತೊಂದು ವರ್ಷ ಕಾದ ಮಾತು ಅವಳ ಕಿವಿಗೆ ಬಿದ್ದಿತ್ತು, ಯಾರದೋ ಕೈಯಡುಗೆಗೆ. ತಾನು ಹೇಳಿದ್ದೇನೆಂದು ಅವನಿಗೆ ತಿಳಿಯುವ ಹೊತ್ತಿಗೆ ಅವಳು ಎದ್ದು, ಮೇಜು ಹಿಡಿದುಕೊಂಡು, ಬಾಗಿಲ ಕಡೆ ನಡೆಯುತ್ತಿದ್ದಳು.

ಖಾಲಿ ಕ್ರೇಟುಗಳು ಗಡಗಡ ಎನ್ನುತ್ತ ಟೆಂಪೋ ದೇವನಹಳ್ಳಿ ದಾಟಿತು. ಅವನು ಎರಡು ಸಲ ಗಂಟಲು ಸರಿಮಾಡಿಕೊಂಡ.

"ನಿನ್ನ ಹಿತಕಿದ ಬೇಳೆ ಸಾರು..."

"ಬೇಡ," ಎಂದಳು ಅವಳು, ರಸ್ತೆಯ ಕಡೆಯೇ ನೋಡುತ್ತ. "ಈಗ ಹೇಳ್ಬೇಡ. ರುಚಿ ಗೊತ್ತಾಗ್ದೇ ಇದ್ರೂ ಮನೇಲಿ ಆ ಒಲೆ ಮುಂದೆ ನಾನೇ ಕೂರಬೇಕು."

ನಂದಿ ಕ್ರಾಸ್ ಬಂದರೂ ಅವನ ಬಾಯಿಂದ ಆ ಸಾರಿನ ರುಚಿ ಹೋಗಿರಲಿಲ್ಲ.