ಒಂದೇ ಮನೆಯ ರಕ್ತ

“ಮುಟ್ಬೇಡ್ರೀ ನಮ್ಮಪ್ಪನ್ನ!” ಅಕ್ಕಿ ಹಿಡಿದು ಬಗ್ಗಿದ್ದ ನಾಗೇಂದ್ರನ ಕೈಯನ್ನು ಅಭಿನವ್ ತಡೆದ.

ಬಸವೇಶ್ವರನಗರದ ಆ ಮನೆಯ ಹಾಲಿನಲ್ಲಿ ಮಲಗಿಸಿದ್ದ ವೆಂಕಟಗಿರಿಯವರ ಬಾಯಿಗೆ ಒಬ್ಬೊಬ್ಬರಾಗಿ ಅಕ್ಕಿಕಾಳು ಹಾಕುತ್ತಿದ್ದರು. ಹೊರಗೆ ವ್ಯಾನು ಬಂದು ನಿಂತು ಅರ್ಧ ಗಂಟೆಯಾಗಿತ್ತು. ನಾಗೇಂದ್ರ ಹತ್ತು ವರ್ಷಗಳಿಂದ ಈ ಬೀದಿಯ ಮನೆಮನೆಗೂ ಬಂದು ರಕ್ತ ತೆಗೆದುಕೊಂಡು ಹೋಗುವ ಲ್ಯಾಬಿನವನು. ಸುದ್ದಿ ಕೇಳಿ ಕುರುಬರಹಳ್ಳಿಯಿಂದ ಓಡಿ ಬಂದಿದ್ದ.

ಫ್ರಿಜ್ಜಿನ ಬಾಗಿಲಿಂದ ಕಿತ್ತು ತಂದ ಹಾಳೆಯನ್ನು ಅಭಿನವ್ ಅವನ ಮುಖಕ್ಕೆ ಹಿಡಿದ. “ಎಲ್‌ಡಿಎಲ್ ನಾರ್ಮಲ್, ಸಿಆರ್‌ಪಿ ನಾರ್ಮಲ್. ಹಾರ್ಟಿಗೆ ರಿಸ್ಕೇ ಇಲ್ಲ ಅಂತ ಬರ್ದಿದೀರ. ಮೂರೇ ತಿಂಗಳಿಗೆ ಹಾರ್ಟ್ ಅಟ್ಯಾಕು! ಯಾರ ರಕ್ತ ಯಾರ ಹೆಸರಿಗೆ ಹಾಕಿದ್ರಿ? ನಾಳೆನೇ ಲ್ಯಾಬಿಗೆ ಬರ್ತೀನಿ. ನಿಮ್ಮ ಕೆಲ್ಸ ಉಳಿಯಲ್ಲ.”

ನಾಗೇಂದ್ರ ವತ್ಸಲಮ್ಮನ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದ.

ವತ್ಸಲಮ್ಮ ಗಂಡನ ತಲೆಯ ಬಳಿ ಕೂತಿದ್ದರು. ಬೆಳಗಿನಿಂದ ಬಂದವರೆಲ್ಲ ಕೇಳಿದ್ದೂ ಅದನ್ನೇ, ರಿಪೋರ್ಟ್ ಚೆನ್ನಾಗಿತ್ತಲ್ಲಮ್ಮ ಅಂತ. ಹೂಂ ಹೂಂ ಎಂದು ಅವರಿಗೆ ಸುಸ್ತಾಗಿಹೋಗಿತ್ತು.

*

ಮೂರು ತಿಂಗಳ ಹಿಂದೆ ಆ ದಿನ ನಾಗೇಂದ್ರ ರಕ್ತ ತೆಗೆಯಲು ಬೆಳಿಗ್ಗೆ ಆರೂವರೆಗೇ ಬಂದಿದ್ದ. ಖಾಲಿ ಹೊಟ್ಟೆಯಲ್ಲಿರಬೇಕಾದ ಮಹಾನುಭಾವರು ಐದಕ್ಕೇ ಎದ್ದು ಎರಡು ಲೋಟ ಕಾಫಿ, ಜೊತೆಗೆ ನಾಲ್ಕು ಕೋಡುಬಳೆ ಮುಗಿಸಿದ್ದರು.

“ನಾಳೆ ಬರ್ತೀನಿ ಸಾರ್.”

“ನಾಳೆ ಯಾರಿಗಪ್ಪಾ ಬೇಕು ಈ ಉಪವಾಸ? ಟೆಸ್ಟ್ ಆಗ್ಲಿಲ್ಲ ಅಂದ್ರೆ ಮಗ ತಲೆ ತಿಂತಾನೆ. ವತ್ಸಲಾ, ನೀನೇನೂ ತಿಂದಿಲ್ಲ ತಾನೇ? ಕೊಡು ಕೈ. ನಲವತ್ತು ವರ್ಷ ಒಂದೇ ಪಾತ್ರೆ ಸಾರು ಉಂಡಿದೀವಿ, ರಕ್ತ ಬೇರೆ ಇರತ್ತಾ?”

“ತಪ್ಪಾಗತ್ತೆ ಸಾರ್...” ಎಂದ ನಾಗೇಂದ್ರ. ಆಮೇಲೆ ಅವನೂ ನಕ್ಕ, ವತ್ಸಲಮ್ಮನೂ ನಕ್ಕರು.

“ಮುಷ್ಟಿ ಹಿಡೀರಿ ಅಮ್ಮ.” ರಕ್ತ ತುಂಬಿದ ಮೇಲೆ, “ಬಿಡಿ ಅಮ್ಮ, ಮುಷ್ಟಿ ಬಿಡಿ.”

ರಿಪೋರ್ಟ್ ಬಂತು. ವೆಂಕಟಗಿರಿ ಮನೆಗೆ ಬಂದವರಿಗೆಲ್ಲ ತೋರಿಸಿದರು. ತೋರಿಸುತ್ತ ತೋರಿಸುತ್ತ ತಾವೇ ನಂಬಿಬಿಟ್ಟರು. ಮೊನ್ನೆ ಕೆಂಗೇರಿ ಮೆಟ್ರೋ ಮೆಟ್ಟಿಲ ಮೇಲೆ ಎದೆ ಹಿಡಿದು ಕೂತಾಗಲೂ, “ಗ್ಯಾಸ್ ಕಣೇ. ರಿಪೋರ್ಟ್ ನೋಡಿದೀಯಲ್ಲ,” ಎಂದರು. ಅಯ್ಯೋ, ಅದು ನನ್ನ ರಕ್ತ ಕಣ್ರೀ ಎನ್ನಬೇಕಿತ್ತು ವತ್ಸಲಮ್ಮ. ಮನೆಗೆ ಬಂದು ಶುಂಠಿ ಕಷಾಯ ಮಾಡಿಕೊಟ್ಟರು. ಅಷ್ಟು ಹೊತ್ತಿಗೆ ಅವರೂ ನಂಬಿದ್ದರು, ಏನು ಹೇಳುವುದು!

*

“ಅವ್ರನ್ನ ಬಿಡೋ,” ಎಂದರು ವತ್ಸಲಮ್ಮ. “ಆ ರಕ್ತ ನಂದು.”

“ಏನಮ್ಮಾ?”

“ನಿಮ್ಮಪ್ಪ ಕಾಫಿ ಕುಡ್ದುಬಿಟ್ಟಿದ್ರು. ಅವರ ಹೆಸರಲ್ಲಿ ನಾನು ಕೊಟ್ಟೆ. ಇವತ್ತಿನವರೆಗೂ ಬಾಯಿ ಬಿಡ್ಲಿಲ್ಲ. ಸಾಕಾಗಿದೆ ಕಣೋ ನಂಗೆ.”

ಅಭಿನವ್ ಹಾಳೆಯನ್ನು ನೋಡಿದ, ಅಮ್ಮನನ್ನು ನೋಡಿದ. ನಾಗೇಂದ್ರನಿಗೆ ದಾರಿ ಬಿಟ್ಟು ಗೋಡೆಗೊರಗಿ ಕೂತ. ಹೊರಗೆ ವ್ಯಾನಿನವನು ಹಾರನ್ ಹೊಡೆದ.

“ಹೊತ್ತಾಯ್ತಮ್ಮ, ನೀವೂ ಹಾಕಿಬಿಡಿ,” ಎಂದರು ಪುರೋಹಿತರು.

ವತ್ಸಲಮ್ಮ ಅಕ್ಕಿ ಹಿಡಿದು ಕೈ ಚಾಚಿದರು. ಗಂಡನ ಬಾಯಿಯ ಮೇಲೆ ಬಂದ ಕೈ ಅಲ್ಲೇ ನಿಂತಿತು. ಯಾರು ಹೇಳಿದರೂ ಬೆರಳು ಬಿಚ್ಚಿಕೊಳ್ಳಲಿಲ್ಲ.

ನಾಗೇಂದ್ರ ಪಕ್ಕದಲ್ಲಿ ಮಂಡಿಯೂರಿ ಅವರ ಮಣಿಕಟ್ಟು ಹಿಡಿದುಕೊಂಡ.

“ಬಿಡಿ ಅಮ್ಮ,” ಎಂದ ಮೆಲ್ಲಗೆ. “ಮುಷ್ಟಿ ಬಿಡಿ.”