ಸೀಸದ ಏಪ್ರನ್

"ಕೂಸಿನ ಕೈ ಗಟ್ಟಿ ಹಿಡ್ಕೋಬೇ. ಅಲುಗಾಡಿದ್ರ ಮತ್ತ ತೆಗೀಬೇಕಾಗ್ತದ," ಎಂದು ಟೆಕ್ನಿಷಿಯನ್ ಜಗದೇವ ಕುರ್ಚಿಯಿಂದ ಏಳದೆಯೇ ಗದರಿದ.

ಮಂಚದಿಂದ ಬಿದ್ದು ಮೊಣಕೈ ಊದಿಸಿಕೊಂಡ ಎರಡು ವರ್ಷದ ಮಗಳನ್ನು ಹಿರೋಳ್ಳಿಯ ಮೆಹನಾಜ ಎಕ್ಸ್‌ರೇ ಮೇಜಿನ ಮೇಲೆ ಒತ್ತಿ ಹಿಡಿದಿದ್ದಳು. ಅವಳು ತುಂಬಿದ ಬಸುರಿಯೆಂಬುದು ದುಪಟ್ಟಾದ ಮರೆಯಲ್ಲೂ ಕಾಣುತ್ತಿತ್ತು. ಕಾಣದಿದ್ದದ್ದು ಜಗದೇವನೊಬ್ಬನಿಗೆ.

ಗೊಬ್ಬೂರಿನ ಸಂಘಮಿತ್ರಾ ಆಳಂದದ ಈ ಖಾಸಗಿ ಎಕ್ಸ್‌ರೇ ಸೆಂಟರಿಗೆ ಮೂರು ತಿಂಗಳ ತರಬೇತಿಗೆಂದು ಬಂದಿದ್ದಳು; ಮುಗಿಯಲು ಎರಡೇ ದಿನ ಬಾಕಿ. ಜಗದೇವ ಕಲಿಸಿದ್ದು ತನಗೆ ಚಹಾ ತಂದುಕೊಡುವುದನ್ನಷ್ಟೇ; ಉಳಿದದ್ದನ್ನು ಅವಳು ಓದಿ, ನೋಡಿ ಕಲಿತಿದ್ದಳು. "ಹದಿನೆಂಟು ವರ್ಷದ ಸರ್ವಿಸ್ ನಂದು," ಎಂದು ಅವನು ಎದೆ ಉಬ್ಬಿಸಿದಾಗಲೆಲ್ಲ ಅವಳಿಗೆ ಊರಿನ ಹಿಟ್ಟಿನ ಗಿರಣಿಯವನು ನೆನಪಾಗುತ್ತಿದ್ದ. ಗುಂಡಿ ಅವನೂ ಒತ್ತುತ್ತಾನೆ. ಆದರೆ ಹಿಟ್ಟನ್ನು ಬೆರಳಲ್ಲಿ ಮುಟ್ಟಿಯಾದರೂ ನೋಡುತ್ತಾನೆ.

"ಸರ್, ಅವ್ರು ಬಸುರಿ ಅದಾರ್ರಿ."

"ಅದಕ್ಕೇನೀಗ? ನಿನ್ನ ತರಬೇತಿ ಪುಸ್ತಕಕ್ಕ ಸಹಿ ಬೇಕೋ ಬ್ಯಾಡೋ?"

ಸಂಘಮಿತ್ರಾ ಬಾಗಿಲು ತೆರೆದು, ಹೊರಗೆ ಕುಳಿತಿದ್ದ ಮಗುವಿನ ಅಜ್ಜಿ ಖಾಸೀಂಬಿಯನ್ನು ಒಳಗೆ ಕರೆದು, ಮೆಹನಾಜಳನ್ನು ಆಚೆ ಕಳಿಸಿದಳು. ಇನ್ನು ಅಜ್ಜಿಗೆ ಕಿರಣ ತಡೆಯುವ ಸೀಸದ ಏಪ್ರನ್ ತೊಡಿಸಬೇಕಿತ್ತು. ಮಡಚಲೇಬಾರದ ಅದನ್ನು ಜಗದೇವ ನಾಲ್ಕು ಮಡಿಕೆ ಮಾಡಿ, ಕುರ್ಚಿಯ ಸ್ಪಂಜು ಹರಿದಿದೆಯೆಂದು ಅಡಿಗೆ ಹಾಕಿಕೊಂಡು ಕುಳಿತಿದ್ದ.

"ಏಳ್ರಿ ಸರ್. ಏಪ್ರನ್ ಬೇಕು."

ಅವನು ಕೇಳಿಸದವನಂತೆ ಮೊಬೈಲು ತೆಗೆದ. ಖಾಸೀಂಬಿ ಅವನನ್ನೂ ಕುರ್ಚಿಯನ್ನೂ ನೋಡಿ, "ಏಳಪಾ ಏಳು, ನಿನ್ನ ಕುಂಡಿಗೇನು ಧಾಡಿ ಬಂದಿಲ್ಲ," ಎಂದಳು. ಬಾಗಿಲಲ್ಲಿ ಇಣುಕುತ್ತಿದ್ದವರು ಗೊಳ್ಳೆಂದರು. ಅವನು ಎದ್ದ.

ಸಂಘಮಿತ್ರಾ ಬಾಗಿಲು ಹಾಕಿ, ಏಪ್ರನ್ನನ್ನು ಅಜ್ಜಿಗೆ ತೊಡಿಸಿ, ಮಗುವಿನ ಮೊಣಕೈಯನ್ನು ತಾನೇ ಹೊಂದಿಸಿ, ಸೀಸದ ಮರೆಗೆ ಹೋಗಿ ಗುಂಡಿ ಒತ್ತಿದಳು. ಎಲುಬು ಮುರಿದಿರಲಿಲ್ಲ.

ಎರಡು ದಿನದ ಮೇಲೆ ಜಗದೇವ ಸಹಿ ಹಾಕಲಿಲ್ಲ. 'ಹೇಳಿದ ಮಾತು ಕೇಳುವುದಿಲ್ಲ' ಎಂದು ಪುಸ್ತಕದಲ್ಲಿ ಬರೆದ. ಆ ಒಂದೇ ಸಾಲಿನಲ್ಲಿ ಮೂರು ಕಾಗುಣಿತದ ತಪ್ಪು. ತರಬೇತಿಯನ್ನು ಜೇವರ್ಗಿಯ ಇನ್ನೊಂದು ಸೆಂಟರಿನಲ್ಲಿ ಮೊದಲಿನಿಂದ ಮಾಡಬೇಕಾಯಿತು. ಆ ರಾತ್ರಿ ಅವಳಿಗೆ ಅಳು ಬಂತು. ಆದರೆ ಅಂಥವನ ಸಹಿ ಹೊತ್ತು ತಿರುಗುವುದು ತಪ್ಪಿತಲ್ಲ ಎನಿಸಿ ಅಳು ಅಲ್ಲಿಗೇ ನಿಂತಿತು.

ಜೇವರ್ಗಿಯಲ್ಲಿ ಮೊದಲ ದಿನ ಕೆಮ್ಮುವ ಮುದುಕನೊಬ್ಬ ಬಂದ. ಅವನ ಅಂಗಿಯ ಗುಂಡಿ ಬಿಚ್ಚಲು ನೆರವಾಗಿ, ಎದೆಯನ್ನು ಎಕ್ಸ್‌ರೇ ಹಲಗೆಗೆ ಒತ್ತಿ ನಿಲ್ಲಿಸಿದಳು.

"ಉಸಿರು ಎಳಕೊಂಡು ಹಿಡೀರಿ ಯಜಮಾನ್ರ."

ಮುದುಕನ ಪಕ್ಕೆಲುಬುಗಳು ಮೆಲ್ಲಗೆ ಮೇಲೆದ್ದವು. ಮರೆಯ ಹಿಂದೆ ಅವಳೂ ಉಸಿರು ಹಿಡಿದಳು.