ಅಜ್ಜನ ದೀಪದ ವಯಸ್ಸು

"ಮೊದ್ಲು ಮೇಜು ಆಚೆ ಹೋಗ್ಲಿ, ಆಮೇಲೆ ಹೂವು," ಎನ್ನುತ್ತಾ ಅಳಿಯ ಮೇಜಿನ ಒಂದು ಕಡೆ ಎತ್ತಿಯೇಬಿಟ್ಟ. ಮೇಲಿದ್ದ ಹಿತ್ತಾಳೆಯ ದೀಪ ವಾಲಿತು. ತೀರಿಕೊಂಡವನ ಹೆಂಡತಿ ಕೂತಲ್ಲಿಂದ ದಡಕ್ಕನೆ ಎದ್ದು ಅದನ್ನು ಹಿಡಿದುಕೊಂಡಳು.

"ನೋಡ್ಕೊಂಡು ಕಣಪ್ಪಾ! ಅವರಜ್ಜನ ಕಾಲದ್ದು!"

ದೀಪಗಳ ರಿಪೇರಿ ಮಾಡಿಯೇ ಬದುಕಿದ್ದ ದೀಪದಣ್ಣ ನಡುಮನೆಯಲ್ಲಿ ಇಸ್ತ್ರಿ ಅಂಗಿ ತೊಟ್ಟು ಮಲಗಿದ್ದ. ಜೀವ ಇದ್ದಾಗ ಇಷ್ಟು ಹೊತ್ತು ಕೈಕಟ್ಟಿಕೊಂಡು ಇದ್ದವನಲ್ಲ. ಸ್ಮಶಾನಕ್ಕೆ ಒಯ್ಯುವ ವ್ಯಾನು ಇನ್ನೂ ಬಂದಿರಲಿಲ್ಲ. ಜನ ಕೂರುತ್ತಿದ್ದರು, ಏಳುತ್ತಿದ್ದರು, ಕಿಟಕಿಯಿಂದ ಬೀದಿ ನೋಡಿ ಮತ್ತೆ ಕೂರುತ್ತಿದ್ದರು.

ಹೆಂಡತಿಯ ಚಡಪಡಿಕೆ ಬೇರೆಯದೇ. ಬಾಗಿಲ ಬಳಿ ನಾದಿನಿ ಕೂತಿದ್ದಳು. ಅತ್ತಿಗೆ ಮದುವೆಯಾಗಿ ಬಂದ ಹೊಸತರಲ್ಲೇ ಜಗಳವಾಗಿ ಈ ಮನೆ ಬಿಟ್ಟವಳು, ಅಣ್ಣನ ಮುಖ ನೋಡಲು ಇವತ್ತೇ ಬಂದದ್ದು. ಚಪ್ಪಲಿಯನ್ನು ಕೈಗೆಟುಕುವಷ್ಟು ಹತ್ತಿರ ಇಟ್ಟುಕೊಂಡಿದ್ದಳು. ವ್ಯಾನು ಹೊರಟರೆ ಅವಳೂ ಹೊರಟಂತೆಯೇ, ಮತ್ತೆ ಬರಲು ನೆಪವೂ ಉಳಿಯುವುದಿಲ್ಲ. ಕಳ್ಳಿ, ಹೋದರೆ ಹೋಗಲಿ, ಎಂದುಕೊಂಡಳು ಹೆಂಡತಿ. ಎಂದುಕೊಂಡರೂ ಕಣ್ಣು ಆ ಚಪ್ಪಲಿಯ ಕಡೆಗೇ ಹೋಗುತ್ತಿತ್ತು. ತನ್ನ ಹೆಗಲ ಮೇಲಿನ ಹಳೆಯ ಶಾಲನ್ನು, ಮೂಲೆ ಕತ್ತರಿಸಿಹೋಗಿದ್ದು ಎದ್ದು ಕಾಣುವಂತೆ, ಮುಂದಕ್ಕೆಳೆದುಕೊಂಡಳು. ಆ ಮೂಲೆಯನ್ನು ಹೊಲಿದುಕೊಡಲು ಅವಳು ಯಾರನ್ನೂ ಬಿಟ್ಟಿರಲಿಲ್ಲ.

"ಕೊಡಿ ತಾಯಿ, ನಾನು ಹಿಡ್ಕೋತೀನಿ," ಎಂದ ದೀಪದಣ್ಣನ ಗೆಳೆಯ, ಹಳೇಸಾಮಾನಿನ ವ್ಯಾಪಾರಿ. ಹಿಡಿದುಕೊಂಡವನು ಸುಮ್ಮನಿರಬೇಕಲ್ಲ! ಸಾವಿನ ಮನೆಯಲ್ಲೂ ಕೈ ಕೇಳಲಿಲ್ಲ, ದೀಪವನ್ನು ಹಿಂದೆ ಮುಂದೆ ತಿರುಗಿಸತೊಡಗಿದ.

"ಎಷ್ಟು ಹಳೇದು ಮಾಮ?" ಮಗಳು ಕೇಳಿದಳು. ಕಾಯುತ್ತಾ ಕೂರುವುದಕ್ಕಿಂತ ಏನಾದರೊಂದು ಮಾತು ಬೇಕಾಗಿತ್ತು ಅವಳಿಗೆ.

"ಇದರ ಕಾಲೇನೋ ನೂರು ವರ್ಷದ್ದಿರಬೋದು. ಆದ್ರೆ ಕತ್ತು ಇದರದ್ದಲ್ಲಮ್ಮ, ಟೋಪಿ ಇನ್ಯಾವುದರದ್ದೋ. ಮೂರೂ ಬೇರೆಬೇರೆ ಮನೆಯಿಂದ ಬಂದು ಸಂಸಾರ ಮಾಡ್ತಿವೆ. ಈ ಕಪ್ಪು ಕೂಡ ಹಳೇದು ಕಾಣ್ಲಿ ಅಂತ ಯಾವುದೋ ಕೆಮಿಕಲ್ ಹಚ್ಚಿ ಬರಿಸಿದ್ದು."

"ಏನ್ ಮಾತು ಅಂತ ಆಡ್ತೀರಿ ನೀವು!" ಹೆಂಡತಿಯ ದನಿ ಏರಿತು.

*

ದೀಪದಣ್ಣನ ಜೊತೆ ಮದುವೆ ಮಾತಾಡುವಾಗ ಅವಳಪ್ಪ ಕೇಳಿದ್ದ: "ಹಿರಿಯರದ್ದು ಅಂತ ನಿಮ್ಮ ಕಡೆ ಏನಿದೆ?" ಏನೂ ಇರಲಿಲ್ಲವೆಂದು ಕಾಣುತ್ತದೆ. ದೀಪದಣ್ಣ ತಡವರಿಸಿ, "ಅಜ್ಜನ ಮೇಜಿನ ದೀಪ ಇದೆ," ಎಂದಿದ್ದ.

ಮದುವೆಯಾದ ಮೇಲೆ ಅವಳು, "ಎಲ್ರೀ ನಿಮ್ಮ ದೀಪ?" ಎಂದು ಕಾಡಿದ್ದೇ ಕಾಡಿದ್ದು. ಊರಲ್ಲಿದೆ, ತರಿಸ್ತೀನಿ ಎಂದು ದಿನ ತಳ್ಳಿದವನು ಕೊನೆಗೊಂದು ಸಂಜೆ ಹೊತ್ತು ತಂದ. ಅವಳು ಹಿಗ್ಗಿ ಹೀರೇಕಾಯಿಯಾದಳು.

ಆ ಹಿಗ್ಗು ಇಳಿಯುವ ಮೊದಲೇ, ತವರಿನಿಂದ ತಂದ ಹಸಿರು ಶಾಲಿನ ಮೂಲೆಯನ್ನು ಯಾರೋ ಕತ್ತರಿಸಿದ್ದು ಕಣ್ಣಿಗೆ ಬಿತ್ತು. ಮನೆಯಲ್ಲಿ ಇದ್ದವರು ಮೂವರೇ.

"ಹೊಟ್ಟೆಕಿಚ್ಚು ನಿಂಗೆ! ಕೇಳಿದ್ರೆ ಇಡೀ ಶಾಲೇ ಕೊಡ್ತಿದ್ದೆ. ಕದಿಯೋ ಬುದ್ಧಿ ಯಾಕೆ ಬಂತು?" ಎಂದು ನಾದಿನಿಯ ಮೇಲೆ ಹರಿಹಾಯ್ದಳು.

ನಾದಿನಿ ಅಣ್ಣನ ಕಡೆ ನೋಡಿದಳು. ಅಣ್ಣ ಮೇಜಿನ ಮುಂದೆ ಯಾವುದೋ ಸ್ಕ್ರೂ ಬಿಗಿಯುತ್ತಿದ್ದ, ತಲೆಯೆತ್ತಲಿಲ್ಲ. ಅವಳು ಬಟ್ಟೆ ತುಂಬಿಕೊಂಡು ಹೊರಟುಹೋದಳು.

*

"ಬುಡ ನೋಡಿದ್ರೆ ಗೊತ್ತಾಗತ್ತೆ," ಎಂದು ವ್ಯಾಪಾರಿ ದೀಪವನ್ನು ಬೋರಲು ಹಾಕಿ, ತಳಕ್ಕೆ ಅಂಟಿಸಿದ್ದ ಕಪ್ಪು ಬಟ್ಟೆಯನ್ನು ಉಗುರಿನಿಂದ ಎಬ್ಬಿಸಿದ. "ಇದು ಆಮೇಲೆ ಮುಚ್ಚಿದ್ದು. ಒಳಗೆ ಇನ್ನೊಂದಿದೆ ನೋಡಿ. ಹಳೇ ದೀಪ ಅನ್ನಿಸ್ಬೇಕಾದ್ರೆ ಬಳಸಿದ ಉಣ್ಣೆಬಟ್ಟೆ ಹಾಕ್ತಾರೆ, ಹೊಸದು ಹಾಕಿದ್ರೆ ಗುಟ್ಟು ರಟ್ಟಾಗತ್ತಲ್ಲ. ಈ ಬಟ್ಟೆ ಯಾವಾಗಿಂದು ಅಂತ ಗೊತ್ತಾದ್ರೆ ದೀಪ ಕೂಡಿಸಿದ್ದು ಯಾವಾಗ ಅಂತಾನೂ ಗೊತ್ತಾದ ಹಾಗೆ."

ಹಸಿರು ಉಣ್ಣೆ. ಅಂಚಿನಲ್ಲಿ ಕೆಂಪು ದಾರದ ಹೊಲಿಗೆ. ತನ್ನ ಶಾಲಿಗೆ ಅದನ್ನು ಹೊಲಿದವಳು ಹೆಂಡತಿಯೇ.

ಅಜ್ಜನ ದೀಪ ತನ್ನ ಮಗಳಿಗಿಂತ ವಯಸ್ಸಿನಲ್ಲಿ ಒಂದಿಷ್ಟು ದೊಡ್ಡದು, ಅಷ್ಟೇ. ದೀಪವನ್ನು ಕಿತ್ತುಕೊಂಡು ಬಾಗಿಲ ಬಳಿಗೆ ಹೋದಳು.

"ನಿಂಗೆ ಗೊತ್ತಿತ್ತಾ?"

ನಾದಿನಿ ಆ ಹಸಿರು ತುಂಡನ್ನು ಬೆರಳಿನಿಂದ ಮುಟ್ಟಿದಳು. "ನಮ್ಮಜ್ಜ ಕತ್ತಲಾದ್ರೆ ಮಲಗ್ತಿದ್ದ ಮನುಷ್ಯ, ಅತ್ತಿಗೆ. ಅವನಿಗ್ಯಾಕೆ ಮೇಜಿನ ದೀಪ? ಅಣ್ಣ ಶಾಲು ಕತ್ತರಿಸ್ತಿದ್ದಾಗ್ಲೇ ನಾನು ಒಳಗೆ ಬಂದೆ. ಬಾಯ್ಮೇಲೆ ಬೆರಳಿಟ್ಟು ತೋರಿಸ್ದ."

"ಅಷ್ಟೆಲ್ಲ ಅಂದ್ನಲ್ಲೇ ನಾನು! ಒಂದು ಮಾತು ಹೇಳ್ಬಾರ್ದಿತ್ತಾ?"

"ಅವನೇ ಹೇಳ್ತಾನೆ ಅಂತ ಕಾದೆ."

ಹೊರಗೆ ವ್ಯಾನಿನ ಹಾರ್ನು ಕೇಳಿಸಿತು. ಎಲ್ಲರೂ ಒಟ್ಟಿಗೇ ಎದ್ದರು. ಹೆಂಡತಿ ಗಂಡನ ಕಡೆ ತಿರುಗಿ, "ತೆಪ್ಪಗೆ ಮಲಗಿದೀರಲ್ರೀ! ಹೇಳಿ ಹೋಗೋಕೆ ಏನಾಗಿತ್ತು ನಿಮಗೆ!" ಎಂದು ಕಿರುಚಿದಳು. ದುಃಖ ಉಕ್ಕಿತೆಂದು ಮಗಳು ಓಡಿಬಂದು ಹಿಡಿದುಕೊಂಡಳು. ದುಃಖವೂ ಇತ್ತು. ಸಿಟ್ಟು ಅದಕ್ಕಿಂತ ಹೆಚ್ಚಿತ್ತು.

ಅವಳು ನಾದಿನಿಯ ಪಕ್ಕದಲ್ಲಿ ಕುಸಿದು ಕೂತಳು. ಮಡಿಲಲ್ಲಿ ದೀಪ ಬೋರಲಾಗಿಯೇ ಇತ್ತು. ನಾದಿನಿ ಅತ್ತಿಗೆಯ ಹೆಗಲಿಂದ ಶಾಲಿನ ಕತ್ತರಿಸಿದ ಮೂಲೆಯನ್ನು ಎಳೆದು ಆ ತುಂಡಿನ ಪಕ್ಕ ಇಟ್ಟಳು. ಬಿಸಿಲು, ಸಾಬೂನು ಕಂಡು ಕಂಡು ಶಾಲು ಬೂದಿ ಬಣ್ಣಕ್ಕೆ ತಿರುಗಿತ್ತು. ದೀಪದ ಬುಡದಲ್ಲಿದ್ದ ತುಂಡು ಮಾತ್ರ ಅಂದಿನಂತೆಯೇ ಹಚ್ಚಗಿತ್ತು.